ಅಕ್ವೇರಿಯಂ ಕಂಟ್ರೋಲರ್ ಕೈಕೊಟ್ಟಾಗ ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ

ಇಎಸ್‌ಪಿ32 ಅನ್ನೋ ವೈಫೈ ಇರೋ ಪುಟ್ಟ ಕಂಪ್ಯೂಟರ್ ಬೋರ್ಡು, ಒಂದು ಟೆಂಪರೇಚರ್ ಸೆನ್ಸರು, ನೀರಿನ ಹುಳಿ-ಕ್ಷಾರ ಅಳೆಯೋ ಪಿಎಚ್ ಪ್ರೋಬು, ನಾಲ್ಕು ರಿಲೇ (ಬೋರ್ಡ್ ಹೇಳಿದಂಗೆ ಮೈನ್ಸ್ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್ಚು), ನೀರಿನ ಮಟ್ಟ ನೋಡೋ ಒಂದು ಫ್ಲೋಟ್ ಸ್ವಿಚ್ಚು ಇಷ್ಟಿಟ್ಕೊಂಡು ಟ್ಯಾಂಕಿಗೆ ಸ್ವಂತ ಕಂಟ್ರೋಲರ್ ಕಟ್ಟಿರೋರಿಗೆ ಬರೋ ತೊಂದ್ರೆ ಹೆಚ್ಚುಕಮ್ಮಿ ಒಂದೇ ತರ ಇರತ್ತೆ. ಟೇಬಲ್ ಮೇಲೆ ಎಲ್ಲಾ ಚೆನ್ನಾಗಿ ಓಡ್ತಿತ್ತು, ಟ್ಯಾಂಕಿಗೆ ಹಾಕಿದ್ಮೇಲೆ ಹುಚ್ಚಾಟ ಶುರು ಮಾಡ್ತು ಅಂತಾರೆ. ಆಮೇಲೆ ಏನಾಗತ್ತೆ ಅಂದ್ರೆ ಕೋಡ್ ಬದಲಾಯಿಸ್ತಾರೆ, ಲೈಬ್ರರಿ ಬದಲಾಯಿಸ್ತಾರೆ, ಸೆನ್ಸರ್ ಬದಲಾಯಿಸ್ತಾರೆ, ಎಲ್ಲಾ ಒಂದೇ ದಿನ ಬದಲಾಯಿಸಿ ಯಾವುದ್ರಿಂದ ಸರಿಹೋಯ್ತು ಅಂತಾನೇ ಗೊತ್ತಾಗದೆ ಮುಂದಿನ ಸಲ ಮತ್ತೆ ಮೊದಲಿಂದ ಶುರು. ಹಾಗಾಗಿ ಇಲ್ಲಿ ಯಾವ ಕ್ರಮದಲ್ಲಿ ಹುಡುಕ್ಬೇಕು, ಯಾವ ಲಕ್ಷಣ ಕಂಡ್ರೆ ಎಲ್ಲಿ ಕೈ ಇಡ್ಬೇಕು ಅನ್ನೋದನ್ನ ಬರೀತಿದೀನಿ.

ಮುಟ್ಟೋಕೆ ಮುಂಚೆ

ಮೊದಲು ಮೀನು, ಆಮೇಲೆ ಬೋರ್ಡು. ಹೀಟರನ್ನ ರಿಲೇ ಇಂದ ಬಿಡಿಸಿ ನೇರ ಗೋಡೆ ಸಾಕೆಟ್ಟಿಗೆ ಹಾಕಿ, ಅದರದ್ದೇ ಥರ್ಮೋಸ್ಟಾಟ್ ನೋಡ್ಕೊಳ್ಳುತ್ತೆ. ಫಿಲ್ಟರನ್ನೂ ನೇರ ಹಾಕಿ. ಡೋಸಿಂಗ್ ಪಂಪು, ನೀರು ತುಂಬೋ ಪಂಪು ಎರಡರ ಪ್ಲಗ್ಗೂ ಕಿತ್ತಿಡಿ. ಈಗ ಕಂಟ್ರೋಲರ್ ಬರೀ ನೋಡುತ್ತೆ, ಏನನ್ನೂ ಓಡಿಸಲ್ಲ, ನೀವು ನಿಧಾನವಾಗಿ ಕೂತು ಹುಡುಕಬಹುದು.

ನೀರಿಗೆ ಕೈ ಹಾಕೋವಾಗ ಮೈನ್ಸಿಗೆ ಸೇರಿರೋ ಪ್ರತಿಯೊಂದೂ ಪ್ಲಗ್ಗಿಂದ ಹೊರಗಿರ್ಬೇಕು, ಸ್ವಿಚ್ ಆಫ್ ಮಾಡಿದ್ರೆ ಸಾಲದು. ಟ್ಯಾಂಕಿನ ಲೈನಿಗೆ ಕರೆಂಟ್ ಸೋರಿದ್ರೆ ತಾನೇ ಲೈನ್ ಕಡಿಯೋ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ದೆ ಇದ್ರೆ ಈ ಕೆಲಸ ಶುರು ಮಾಡೋಕೆ ಮುಂಚೆ ಅದನ್ನ ಹಾಕಿಸಿ. ಹಾಗೇ ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗ್ಬೇಕು, ಇಲ್ಲಾಂದ್ರೆ ವೈರ್ ಹಿಡ್ಕೊಂಡು ಬರೋ ನೀರು ಸೀದಾ ಸಾಕೆಟ್ ಒಳಗೆ ಇಳಿಯುತ್ತೆ.

ನಂಬರ್ ಸುಳ್ಳು ಹೇಳ್ತಿದ್ಯಾ, ನೀರೇ ಹಾಗಿದ್ಯಾ

ಎಲ್ಲಕ್ಕಿಂತ ಮೊದಲ ಪ್ರಶ್ನೆ ಇದು, ಮತ್ತೆ ಇದಕ್ಕೆ ಉತ್ತರ ಗ್ರಾಫ್‌ನಲ್ಲೇ ಇರತ್ತೆ. ನೀರು ನಿಧಾನ. ಲೆಕ್ಕ ಹಾಕಿ ನೋಡಿ, 100 ಲೀಟರ್ ನೀರನ್ನ 1 ಡಿಗ್ರಿ ಬಿಸಿ ಮಾಡೋಕೆ ಸುಮಾರು 419 ಕಿಲೋಜೂಲ್ ಬೇಕು, 200 ವ್ಯಾಟ್ ಹೀಟರ್ ಅದನ್ನ ಕೊಡೋಕೆ ಒಂದು ಚೂರೂ ಶಾಖ ಹೊರಗೆ ಹೋಗ್ಲಿಲ್ಲ ಅಂದ್ರೂ 35 ನಿಮಿಷ ತಗೊಳ್ಳುತ್ತೆ. ಅಂದ್ಮೇಲೆ ನಿಮ್ಮ ಗ್ರಾಫಲ್ಲಿ ಒಂದು ನಿಮಿಷದಲ್ಲಿ 2 ಡಿಗ್ರಿ ಏರಿದೆ ಅಂತ ತೋರಿಸ್ತಿದ್ರೆ ಅದು ನೀರಲ್ಲ, ವೈರು. ಪಿಎಚ್ ಕೂಡ ಅಷ್ಟೇ. ಗಿಡ ಇರೋ ಟ್ಯಾಂಕಲ್ಲಿ ಲೈಟ್ ಬಿದ್ಮೇಲೆ ಗಿಡಗಳು ಕಾರ್ಬನ್ ಡೈಆಕ್ಸೈಡ್ ಎಳ್ಕೊಳ್ಳೋದ್ರಿಂದ ಪಿಎಚ್ ಏರುತ್ತೆ, ರಾತ್ರಿ ಮತ್ತೆ ಇಳಿಯುತ್ತೆ, ಅದು ದೋಷ ಅಲ್ಲ. ಆದ್ರೆ ಆ ಏರಿಕೆ ಗಂಟೆಗಟ್ಟಲೆ ಎಳ್ಕೊಂಡು ಆಗೋದು. ಲೈಟ್ ಆನ್ ಆದ ಸೆಕೆಂಡಿಗೇ ಪಿಎಚ್ 0.4 ಹಾರಿದ್ರೆ ಅದು ಗಿಡದ ಕೆಲಸ ಅಲ್ಲ, ಲೈಟ್ ಡ್ರೈವರಿನದ್ದು.

ಅದಕ್ಕೇ ಹುಡುಕೋಕೆ ಶುರು ಮಾಡಿದಾಗ ಮೊದಲು ಮಾಡ್ಬೇಕಾಗಿರೋದು ಲಾಗ್ ಬಿಗಿ ಮಾಡೋದು. ಐದೈದು ನಿಮಿಷಕ್ಕೆ ಒಂದು ಸರಾಸರಿ ಕಳಿಸ್ತಿದ್ರೆ ಈ ಹಾರೋದೆಲ್ಲಾ ಸವೆದು ಗುಡ್ಡದ ತರ ಕಾಣುತ್ತೆ, ನೀರೇ ಬದಲಾಗಿದೆ ಅಂತ ಮೋಸ ಹೋಗ್ತೀರಿ. ಸರಾಸರಿ ತೆಗೆದು ಹಾಕಿ, ಹತ್ತು ಸೆಕೆಂಡಿಗೊಂದು ಕಚ್ಚಾ ರೀಡಿಂಗ್ ಬರ್ಲಿ, ಮತ್ತೆ ಅದೇ ಗ್ರಾಫಲ್ಲಿ ಯಾವ ರಿಲೇ ಯಾವಾಗ ಆನ್ ಆಫ್ ಆಯ್ತು ಅನ್ನೋದೂ ಬರ್ಲಿ. ಒಂದು ದಿನ ಹೀಗೆ ಓಡಿಸಿದ್ರೆ ಸಾಕು, ಎಷ್ಟೋ ಸಲ ತಪ್ಪು ಕಣ್ಣಿಗೇ ಕಾಣುತ್ತೆ.

ಇದರ ಉಲ್ಟಾನೂ ಇದೆ. ಗೆರೆ ಎಳೆದಂಗೆ ನೇರವಾಗಿರೋ ಗ್ರಾಫ್ ನೋಡಿ ಆಹಾ ಎಷ್ಟು ಸ್ಥಿರವಾಗಿದೆ ಅಂತ ಖುಷಿ ಪಡ್ಬೇಡಿ. ಡಿಎಸ್18ಬಿ20 ಸೆನ್ಸರು 12 ಬಿಟ್‌ನಲ್ಲಿ 0.0625 ಡಿಗ್ರಿ ಮೆಟ್ಟಿಲಲ್ಲಿ ಓದುತ್ತೆ, ಜೀವಂತ ಟ್ಯಾಂಕಲ್ಲಿ ಒಂದೆರಡು ಮೆಟ್ಟಿಲು ಆಚೆ ಈಚೆ ಆಗ್ತಾನೇ ಇರ್ಬೇಕು. ಮೂರು ಗಂಟೆ ಕೊನೇ ಅಂಕಿವರೆಗೂ ಒಂದೇ ನಂಬರ್ ಇದೆ ಅಂದ್ರೆ ಸೆನ್ಸರ್ ಓದೋದು ನಿಂತಿದೆ, ಹಳೇ ನಂಬರನ್ನೇ ಮತ್ತೆ ಮತ್ತೆ ಕಳಿಸ್ತಿದೆ. ಇದು ಸೆನ್ಸರ್ ಸಿಗದಾಗ ಬರೋ -127 ಗಿಂತ ಅಪಾಯ, ಯಾಕಂದ್ರೆ ಯಾರಿಗೂ ಅನುಮಾನ ಬರಲ್ಲ.

ಪಕ್ಕದಲ್ಲಿ ಒಂದು ಗಾಜಿನ ಥರ್ಮಾಮೀಟರು, ಒಂದು ಡ್ರಾಪ್ ಟೆಸ್ಟ್ ಕಿಟ್ಟು ಯಾವಾಗ್ಲೂ ಇರ್ಲಿ. ಎಲೆಕ್ಟ್ರಾನಿಕ್ಸ್ ಮೇಲೆ ಎಲೆಕ್ಟ್ರಾನಿಕ್ಸನ್ನೇ ಸಾಕ್ಷಿ ಹಾಕೋದು ಬೇಡ.

ಟೆಂಪರೇಚರ್ -127, 85, ಅಥವಾ ಸುಮ್ನೆ ಜಾರ್ತಿರೋದು

-127 ಅನ್ನೋದು ಟೆಂಪರೇಚರ್ರೇ ಅಲ್ಲ, ಆರ್ಡುಯಿನೋದಲ್ಲಿ ಎಲ್ಲರೂ ಬಳಸೋ ಡಲ್ಲಾಸ್ ಲೈಬ್ರರಿ ಸೆನ್ಸರ್ ಸಿಗ್ಲಿಲ್ಲ ಅಂತ ಹೇಳೋ ರೀತಿ. ಅಂದ್ರೆ ವೈರ್ ಕಿತ್ತಿದೆ, ಇಲ್ಲಾ ಡೇಟಾ ವೈರನ್ನ ಮೇಲಿನ ವೋಲ್ಟೇಜಿಗೆ ಎಳೆದಿಡೋ ರೆಸಿಸ್ಟರು, ಅಂದ್ರೆ ಪುಲ್‌ಅಪ್ ಇಲ್ಲ, ಇಲ್ಲಾ ಸೆನ್ಸರ್ ಸತ್ತಿದೆ. ಡೇಟಾ ವೈರಿಗೂ 3.3 ವೋಲ್ಟಿಗೂ ಮಧ್ಯೆ 4.7 ಕಿಲೋಓಮ್ ರೆಸಿಸ್ಟರ್ ಇರ್ಲೇಬೇಕು, ಚಿಪ್ ಒಳಗಿನ ಪುಲ್‌ಅಪ್ ಸುಮಾರು 45 ಕಿಲೋಓಮ್, ಟೇಬಲ್ ಮೇಲೆ ಒಂದು ಗೇಣು ವೈರಿಗೆ ಹೆಂಗೋ ನಡೆಯುತ್ತೆ, ಟ್ಯಾಂಕಿನವರೆಗೆ ಮೂರು ಮೀಟರ್ ಎಳೆದ್ರೆ ಆಗಾಗ ಕೈಕೊಡುತ್ತೆ. ವೈರ್ ಉದ್ದ ಇದ್ರೆ, ಸೆನ್ಸರ್ ಮೂರ್ನಾಲ್ಕು ಇದ್ರೆ 2.2 ಕಿಲೋಓಮ್ ಹಾಕಿ ನೋಡಿ. ಸೆನ್ಸರ್‌ಗಳನ್ನ ಒಂದೇ ಜಾಗದಿಂದ ನಾಲ್ಕು ದಿಕ್ಕಿಗೆ ಎಳೆಯೋ ಬದಲು ಒಂದೇ ಲೈನಲ್ಲಿ ಸಾಲಾಗಿ ಸೇರಿಸಿದ್ರೆ ತೊಂದ್ರೆ ಕಮ್ಮಿ. ವೈರ್ ಬಣ್ಣ ಮಾತ್ರ ನಂಬ್ಬೇಡಿ, ಕೆಂಪು ಪವರ್, ಕಪ್ಪು ಗ್ರೌಂಡ್, ಹಳದಿ ಡೇಟಾ ಅನ್ನೋದು ಸಾಮಾನ್ಯ ಅಷ್ಟೇ, ಬೇರೆ ತರ ಇರೋ ತುಂಡುಗಳೂ ಮಾರ್ಕೆಟ್ಟಲ್ಲಿವೆ. ಉಲ್ಟಾ ಪವರ್ ಕೊಟ್ರೆ ಸೆನ್ಸರ್ ಕೈ ಸುಡೋಷ್ಟು ಬಿಸಿಯಾಗುತ್ತೆ, ಅದೇ ಗುರುತು.

85 ಬಂದ್ರೆ ಕತೆ ಬೇರೆ. ಪವರ್ ಆನ್ ಆದ ತಕ್ಷಣ ಈ ಸೆನ್ಸರಿನ ಒಳಗೆ ಇರೋ ನಂಬರೇ 85. ಅಂದ್ರೆ ಸೆನ್ಸರ್ ಬದುಕಿದೆ, ಮಾತಾಡ್ತಿದೆ, ಆದ್ರೆ ಅಳತೆ ಮಾಡೋಕೆ ಮುಂಚೇನೇ ನೀವು ಓದಿದೀರಿ. 12 ಬಿಟ್ ಅಳತೆಗೆ 750 ಮಿಲಿಸೆಕೆಂಡ್ ವರೆಗೂ ಬೇಕು, ಕೋಡಲ್ಲಿ ಕಾಯೋದನ್ನ ತೆಗೆದಿದ್ರೆ ಅಲ್ಲಿ ನೋಡಿ. ಕೋಡ್ ಸರಿ ಇದ್ದು ಆಗೊಮ್ಮೆ ಈಗೊಮ್ಮೆ 85 ಬರ್ತಿದ್ರೆ ಸೆನ್ಸರಿನ ಪವರ್ ಕ್ಷಣ ಹೊತ್ತು ಹೋಗಿ ಬರ್ತಿದೆ ಅಂತ, ಅದು ರಿಲೇ ಬಡಿದ ಸಮಯಕ್ಕೇ ಬರ್ತಿದ್ಯಾ ಅಂತ ಲಾಗಲ್ಲಿ ಹೊಂದಿಸಿ ನೋಡಿ. ಹೌದಾದ್ರೆ ಸೆನ್ಸರನ್ನ ಬಿಟ್ಟು ಕೆಳಗೆ ಬೋರ್ಡ್ ತಾನೇ ರೀಸ್ಟಾರ್ಟ್ ಆಗೋದು ಅನ್ನೋ ಭಾಗಕ್ಕೆ ಹೋಗಿ.

ಮೂರನೇದು ಕಷ್ಟದ್ದು. ರೀಡಿಂಗ್ ವಾರಗಟ್ಟಲೆ ನಿಧಾನವಾಗಿ ಜಾರ್ತಾ ಹೋಗುತ್ತೆ, ಇಲ್ಲಾ ಮಧ್ಯೆ ಮಧ್ಯೆ ಮಾಯ ಆಗಿ ತಾನೇ ವಾಪಸ್ ಬರುತ್ತೆ. ವಾಟರ್‌ಪ್ರೂಫ್ ಅಂತ ಮಾರೋ ಸ್ಟೀಲ್ ಕೊಳವೆಯ ಸೆನ್ಸರಲ್ಲಿ ನೀರು ತಡೆಯೋದು ಹಿಂದಿನ ತುದಿಯ ಹೀಟ್‌ಶ್ರಿಂಕ್ ಮತ್ತೆ ಒಳಗಿನ ಒಂಚೂರು ಅಂಟು. ಅದು ಯಾವಾಗ್ಲೂ ನೀರಲ್ಲಿ ಮುಳುಗಿದ್ರೆ ಇವತ್ತಲ್ಲ ನಾಳೆ ಒಳಗೆ ತೇವ ಹೋಗುತ್ತೆ. ಪತ್ತೆ ಹಚ್ಚೋದು ಸುಲಭ, ಸೆನ್ಸರ್ ಹೊರಗೆ ತೆಗೆದು ಎರಡು ದಿನ ಒಣಗೋಕೆ ಬಿಡಿ, ಒಣಗಿದ್ಮೇಲೆ ಸರಿ ಓದಿ ಮತ್ತೆ ನೀರಿಗೆ ಹಾಕಿದ ಕೆಲ ದಿನಕ್ಕೆ ಕೆಟ್ರೆ ಸೀಲ್ ಹೋಗಿದೆ. ಅದನ್ನ ರಿಪೇರಿ ಮಾಡೋಕೆ ಹೋಗ್ಬೇಡಿ, ಹೊಸದು ಹಾಕಿ, ಈ ಸಲ ತುದಿ ಮಾತ್ರ ಮುಳುಗೋ ತರ ನೇರವಾಗಿ ಇಳಿಬಿಡಿ. ಸಮುದ್ರದ ನೀರಿನ ಟ್ಯಾಂಕ್ ಆದ್ರೆ ಸ್ಟೀಲಿಗೇ ತುಕ್ಕು ಬರುತ್ತೆ, ಅಲ್ಲಿ ಪ್ಲಾಸ್ಟಿಕ್ ಇಲ್ಲಾ ಗಾಜಿನ ಕವಚ ಬೇಕು.

ಎರಡು ಸೆನ್ಸರ್ 0.4 ಡಿಗ್ರಿ ಬೇರೆ ಬೇರೆ ತೋರಿಸ್ತಿವೆ ಅಂತ ತಲೆ ಕೆಡಿಸ್ಕೊಳ್ಳೋರು ಜಾಸ್ತಿ. ಅಸಲಿ ಸೆನ್ಸರಿಗೇ ಕಂಪನಿ ಕೊಡೋ ಭರವಸೆ ಪ್ಲಸ್ ಮೈನಸ್ 0.5 ಡಿಗ್ರಿ, ಇನ್ನು ನಕಲಿ ಚಿಪ್ಪುಗಳಂತೂ ಬೇಕಾದಷ್ಟಿವೆ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಹಾಕಿ ಗೊಜ್ಜಿನ ತರ ಮಾಡಿ ಕಲಕ್ತಾ ಎಲ್ಲಾ ಸೆನ್ಸರನ್ನೂ ಒಟ್ಟಿಗೆ ಇಳಿಸಿ, 0 ಬರ್ಬೇಕು, ಎಷ್ಟು ವ್ಯತ್ಯಾಸ ಬಂತೋ ಅಷ್ಟನ್ನ ಕೋಡಲ್ಲಿ ಕಳೆದುಬಿಡಿ.

ಇನ್ನೊಂದು ಮಾತು, ಇದು ಹುಡುಕೋದಕ್ಕಿಂತ ಮುಖ್ಯ. ಹೀಟರ್ ಕೋಡು 25 ಕ್ಕಿಂತ ಕಮ್ಮಿ ಇದ್ರೆ ಆನ್ ಮಾಡು ಅಂತ ಮಾತ್ರ ಇದ್ರೆ, -127 ಬಂದಾಗ ಅದು ಏನು ಮಾಡುತ್ತೆ? ಹೀಟರ್ ಆನ್ ಮಾಡಿ ಹಾಗೇ ಬಿಡುತ್ತೆ. ಕಿತ್ತೋದ ಒಂದು ವೈರು ಮೀನನ್ನ ಬೇಯಿಸೋದು ಹೀಗೆ. 15 ರಿಂದ 35 ರ ಹೊರಗಿನ ಯಾವ ನಂಬರನ್ನೂ ಹೀಟರ್ ಭಾಗಕ್ಕೆ ಬಿಡ್ಬೇಡಿ, ಹತ್ತು ಸೆಕೆಂಡಲ್ಲಿ ಅರ್ಧ ಡಿಗ್ರಿಗಿಂತ ಜಾಸ್ತಿ ಹಾರಿದ್ರೂ ಬಿಡ್ಬೇಡಿ, ಸತತ ಕೆಲವು ಕೆಟ್ಟ ರೀಡಿಂಗ್ ಬಂದ್ರೆ ರಿಲೇ ಆಫ್ ಮಾಡಿ ಬಜರ್ ಹೊಡೀಲಿ. ಹೀಟರಿನ ಸ್ವಂತ ಥರ್ಮೋಸ್ಟಾಟನ್ನ ನಿಮ್ಮ ಗುರಿಗಿಂತ 1 ಡಿಗ್ರಿ ಮೇಲಿಟ್ಟಿರಿ, ನಿಮ್ಮ ರಿಲೇ ಅಂಟ್ಕೊಂಡ್ರೂ ಅದು ತಡೆಯುತ್ತೆ.

ಪಿಎಚ್: ಕಪ್ಪಲ್ಲಿ ಸರಿ, ಟ್ಯಾಂಕಲ್ಲಿ ತಪ್ಪು

ಈ ಭಾಗದಲ್ಲಿ ಜನ ಕಳ್ಕೊಳ್ಳೋ ಸಮಯ ಬೇರೆಲ್ಲಾ ಸೇರಿಸಿದ್ರೂ ಆಗಲ್ಲ. ಪಿಎಚ್ ಪ್ರೋಬ್ ಕೊಡೋದು ತೀರಾ ಬಡಪಾಯಿ ಸಿಗ್ನಲ್ಲು, 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ 59.16 ಮಿಲಿವೋಲ್ಟು, ಅದೂ ನೂರಾರು ಮೆಗಾಓಮ್ ಗಾಜಿನ ಹಿಂದಿನಿಂದ. ಯಾರು ಏನು ಮಾಡಿದ್ರೂ ಅಲ್ಲಾಡುತ್ತೆ. ಹಾಗಾಗಿ ಇದನ್ನ ತುಂಡು ತುಂಡಾಗಿ ಪರೀಕ್ಷೆ ಮಾಡ್ಬೇಕು.

ಮೊದಲು ಪ್ರೋಬನ್ನ ಅದರ ತುದಿಯ ದುಂಡನೆ ಪ್ಲಗ್ಗಾದ ಬಿಎನ್‌ಸಿ ಕನೆಕ್ಟರಿಂದ ಬಿಚ್ಚಿ, ಬೋರ್ಡ್ ಕಡೆಯ ಬಿಎನ್‌ಸಿಯ ನಡುವಿನ ತೂತಿಗೂ ಹೊರಗಿನ ಲೋಹಕ್ಕೂ ಒಂದು ತುಂಡು ವೈರಿಂದ ಶಾರ್ಟ್ ಮಾಡಿ. ಇದು 0 ಮಿಲಿವೋಲ್ಟ್, ಅಂದ್ರೆ ಪಿಎಚ್ 7 ಕೊಡೋ ಆದರ್ಶ ಪ್ರೋಬ್ ಇದ್ದಂಗೆ. ಈಗ ರೀಡಿಂಗ್ 7 ರ ಹತ್ರ ಅಲ್ಲಾಡದೆ ನಿಂತ್ರೆ ಸಿಗ್ನಲ್ ಹೆಚ್ಚಿಸೋ ಆಂಪ್ಲಿಫೈಯರ್ ಬೋರ್ಡು, ಎಡಿಸಿ (ವೋಲ್ಟೇಜನ್ನ ನಂಬರ್ ಮಾಡೋ ಭಾಗ), ಕೋಡು ಮೂರೂ ಹೆಚ್ಚುಕಮ್ಮಿ ನಿರ್ದೋಷಿ, ತಪ್ಪು ಪ್ರೋಬಲ್ಲಿದೆ ಇಲ್ಲಾ ಟ್ಯಾಂಕಲ್ಲಿದೆ. ನಿಂತಿದೆ ಆದ್ರೆ 6.3 ರಲ್ಲಿ ನಿಂತಿದೆ ಅಂದ್ರೆ ಬೋರ್ಡಿನ ಆಫ್‌ಸೆಟ್ ಸ್ಕ್ರೂ ಇಲ್ಲಾ ಕ್ಯಾಲಿಬ್ರೇಶನ್ ನಂಬರ್ ನೋಡಿ. ಶಾರ್ಟ್ ಮಾಡಿದ್ರೂ ಕುಣೀತಿದೆ ಅಂದ್ರೆ ಪ್ರೋಬ್ ಬದಲಾಯಿಸಿ ಪ್ರಯೋಜನ ಇಲ್ಲ, ಪವರ್ ಅಥವಾ ಎಡಿಸಿ ಕಡೆ ಹೋಗಿ. ಬಿಎನ್‌ಸಿ ಖಾಲಿ ಬಿಟ್ಟು ನೋಡಿದ್ರೆ ಏನೇನೋ ಬರುತ್ತೆ, ಅದಕ್ಕೆ ಅರ್ಥ ಇಲ್ಲ.

ಎಡಿಸಿ ಬಗ್ಗೆ ಹೇಳ್ಬೇಕಂದ್ರೆ, ಇಎಸ್‌ಪಿ32 ಒಳಗಿನ ಎಡಿಸಿ ಇಂಥ ಕೆಲಸಕ್ಕೆ ಅಷ್ಟಕ್ಕಷ್ಟೆ, ಎರಡೂ ತುದಿಯಲ್ಲಿ ಸೊಟ್ಟ ಇದೆ. ವೈಫೈ ಆನ್ ಇದ್ದಾಗ ಎರಡನೇ ಎಡಿಸಿಯ ಪಿನ್ನುಗಳು ಓದೋದೇ ಇಲ್ಲ, ಟೇಬಲ್ ಮೇಲೆ ವೈಫೈ ಇಲ್ದೆ ಟೆಸ್ಟ್ ಮಾಡಿ ಆಮೇಲೆ ವೈಫೈ ಸೇರಿಸಿದ ದಿನದಿಂದ ಪಿಎಚ್ ಕೆಟ್ಟಿದ್ರೆ ಇದೇ ಕಾರಣ ಇರಬಹುದು, 32 ರಿಂದ 39 ರೊಳಗಿನ ಪಿನ್ನಿಗೆ ಬದಲಾಯಿಸಿ. 5 ವೋಲ್ಟಲ್ಲಿ ಓಡೋ ಪಿಎಚ್ ಬೋರ್ಡಿನ ಔಟ್‌ಪುಟ್ 3.3 ದಾಟಬಹುದು, ಅದನ್ನ ನೇರ ಪಿನ್ನಿಗೆ ಕೊಟ್ರೆ ಪಿನ್ನೇ ಹೋಗುತ್ತೆ. ಎಡಿಎಸ್1115 ಅಂತ 16 ಬಿಟ್ಟಿನ ಪುಟ್ಟ ಬೋರ್ಡ್ ಸಿಗುತ್ತೆ, ಅದನ್ನ ಹಾಕ್ಕೊಂಡ್ರೆ ಅರ್ಧ ತಲೆನೋವು ಹೋಗುತ್ತೆ. ಅದಕ್ಕೂ ಅದರ ಸಪ್ಲೈಗಿಂತ ಜಾಸ್ತಿ ವೋಲ್ಟ್ ಇನ್‌ಪುಟ್ ಕೊಡೋ ಹಾಗಿಲ್ಲ, ನೆನಪಿರ್ಲಿ.

ಶಾರ್ಟ್ ಟೆಸ್ಟ್ ಪಾಸಾದ್ರೆ ಮುಂದಿನದು ಕಪ್ ಟೆಸ್ಟ್. ಟ್ಯಾಂಕಿನದೇ ನೀರನ್ನ ಒಂದು ಪ್ಲಾಸ್ಟಿಕ್ ಕಪ್ಪಲ್ಲಿ ತಗೊಂಡು ಪ್ರೋಬ್ ಅದರೊಳಗೆ ಇಡಿ. ಅದೇ ನೀರು, ಅದೇ ಪ್ರೋಬು, ಅದೇ ಬೋರ್ಡು, ರೀಡಿಂಗ್ ಒಂದೇ ಬರ್ಬೇಕು. ಟ್ಯಾಂಕಲ್ಲಿ 5.9, ಕಪ್ಪಲ್ಲಿ 7.2 ಅಂತ ಬಂದ್ರೆ ಟ್ಯಾಂಕಿನ ನೀರಲ್ಲಿ ಬೇರೆ ಯಾವುದೋ ವೋಲ್ಟೇಜ್ ಸೇರ್ಕೊಂಡಿದೆ, ಪ್ರೋಬಿನ ತಪ್ಪಲ್ಲ. ಎಷ್ಟೋ ಒಳ್ಳೇ ಪ್ರೋಬುಗಳು ಈ ಟೆಸ್ಟ್ ಮಾಡದೇ ಇರೋದ್ರಿಂದ ಕಸದ ಬುಟ್ಟಿ ಸೇರಿವೆ.

ಈಗ ಪ್ರೋಬ್ ವಾಪಸ್ ಟ್ಯಾಂಕಿಗೆ ಇಟ್ಟು, ಕೈ ನೀರಿಂದ ದೂರ ಇಟ್ಕೊಂಡು, ಒಂದೊಂದೇ ಪ್ಲಗ್ ಕೀಳ್ತಾ ಬನ್ನಿ. ಹೀಟರು, ಫಿಲ್ಟರು, ವೇವ್ ಪಂಪು, ಲೈಟಿನ ಡ್ರೈವರು, ಕೊನೆಗೆ, ಇದ್ರೆ, ಟಿಡಿಎಸ್ ಸೆನ್ಸರು (ನೀರಲ್ಲಿ ಕರಗಿರೋ ಉಪ್ಪಿನಂಶ ಅಳೆಯೋದು). ಯಾವುದು ಕಿತ್ತಾಗ ರೀಡಿಂಗ್ ಕಪ್ಪಿನ ನಂಬರಿಗೆ ಹಾರುತ್ತೋ ಅದೇ ಕಳ್ಳ. ಹೀಟರ್ ಇಲ್ಲಾ ಪಂಪ್ ಸಿಕ್ಕಿಬಿದ್ರೆ ಅದರ ಇನ್ಸುಲೇಶನ್ ಕೆಟ್ಟು ನೀರಿಗೆ ಕರೆಂಟ್ ಸೋರ್ತಿರಬಹುದು, ಅನುಮಾನ ಇದ್ರೆ ಅದನ್ನ ಮತ್ತೆ ಬಳಸ್ಬೇಡಿ, ಪಿಎಚ್ ಸರಿಹೋಯ್ತಾ ಇಲ್ವಾ ಅನ್ನೋದು ಅಲ್ಲಿಗೆ ಸಣ್ಣ ವಿಷಯ. ಟಿಡಿಎಸ್ ಸೆನ್ಸರ್ ಸಿಕ್ಕಿಬಿದ್ರೆ ಅದು ಕೆಟ್ಟಿಲ್ಲ, ಅದರ ಕೆಲಸವೇ ನೀರಿಗೆ ಕರೆಂಟ್ ಬಿಟ್ಟು ಅಳೆಯೋದು, ಪಿಎಚ್ ಬೋರ್ಡಿಗೂ ಅದಕ್ಕೂ ಗ್ರೌಂಡ್ ಒಂದೇ ಆಗಿರೋದ್ರಿಂದ ಆ ಕರೆಂಟು ಪಿಎಚ್ ಪ್ರೋಬ್ ಮೂಲಕ ದಾರಿ ಹುಡುಕುತ್ತೆ. ಎರಡನ್ನೂ ಸರದಿ ಮೇಲೆ ಆನ್ ಮಾಡಿ ಓದೋದು ಕೆಲವರಿಗೆ ಸಾಕಾಗುತ್ತೆ, ಆದ್ರೆ ಗ್ರೌಂಡ್ ವೈರ್ ಸೇರ್ಕೊಂಡೇ ಇರೋದ್ರಿಂದ ಪೂರ್ತಿ ಹೋಗ್ದೆನೂ ಇರಬಹುದು. ಸರಿಯಾದ ದಾರಿ ಅಂದ್ರೆ ಪಿಎಚ್ ಬೋರ್ಡು ಮತ್ತೆ ಅದರ ಎಡಿಸಿಯನ್ನ ಬೇರೆ ಮಾಡೋದು, ಪವರಿಗೆ ಒಂದು ಐಸೊಲೇಟೆಡ್ (ಎರಡೂ ಕಡೆ ನೇರ ವೈರ್ ಸಂಬಂಧ ಇಲ್ದಿರೋ) ಡಿಸಿ ಡಿಸಿ ಕನ್ವರ್ಟರು, ಎಡಿಸಿ ಜೊತೆ ಮಾತಾಡೋ ಐ2ಸಿ ಲೈನಿಗೆ ಒಂದು ಐಸೊಲೇಟರ್ ಚಿಪ್ಪು. ದುಡ್ಡು ಸ್ವಲ್ಪ ಖರ್ಚಾಗುತ್ತೆ, ಆದ್ರೆ ಕೋಡಲ್ಲಿ ಸರಾಸರಿ ಮೇಲೆ ಸರಾಸರಿ ಹಾಕಿ ಇದನ್ನ ಮುಚ್ಚೋಕೆ ಆಗಲ್ಲ.

ಕಪ್ಪಲ್ಲೂ ತಪ್ಪೇ ಬರ್ತಿದ್ರೆ ಆಗ ಪ್ರೋಬ್ ಮೇಲೆ ಅನುಮಾನ ಪಡಿ. ಪಿಎಚ್ ಎಷ್ಟು ಅಂತ ಗೊತ್ತಿರೋ ಬಫರ್ ದ್ರಾವಣ 7.00 ಕ್ಕೂ 4.01 ಕ್ಕೂ ಹಾಕಿ ಎರಡರ ವೋಲ್ಟೇಜ್ ವ್ಯತ್ಯಾಸ ಬರ್ಕೊಳ್ಳಿ. ಆಂಪ್ಲಿಫೈಯರ್ ಎಷ್ಟು ಪಟ್ಟು ಹೆಚ್ಚಿಸುತ್ತೋ ಅದರಿಂದ ಭಾಗಿಸಿದ್ರೆ ಹೊಸ ಪ್ರೋಬಿಗೆ 177 ಮಿಲಿವೋಲ್ಟ್ ಹತ್ರ ಬರ್ಬೇಕು, 150 ಕ್ಕಿಂತ ಕೆಳಗೆ ಇಳಿದಿದ್ರೆ ಅದರ ಕಾಲ ಮುಗೀತಾ ಬಂದಿದೆ. ಎಷ್ಟು ಪಟ್ಟು ಅಂತ ಗೊತ್ತಿಲ್ಲ ಅಂದ್ರೂ ತೊಂದ್ರೆ ಇಲ್ಲ, ಪ್ರೋಬ್ ಹೊಸದಾಗಿದ್ದಾಗಿನ ವ್ಯತ್ಯಾಸ ಬರೆದಿಟ್ಟಿದ್ರೆ ಈಗಿನದಕ್ಕೆ ಹೋಲಿಸಿ ನೋಡಿದ್ರೆ ಆಯ್ತು. ಎರಡೂ ಬಫರಲ್ಲಿ ಒಂದೇ ನಂಬರ್ ಬಂದ್ರೆ ಗಾಜು ಬಿರುಕು ಬಿಟ್ಟಿದೆ ಇಲ್ಲಾ ಬಿಎನ್‌ಸಿ ಒಳಗೆ ತೇವ ಇದೆ. ಅಷ್ಟು ದೊಡ್ಡ ಇಂಪೀಡೆನ್ಸಿಗೆ ಬೆರಳಿನ ಬೆವರು ಕೂಡ ಶಾರ್ಟೇ, ಸಮುದ್ರದ ಟ್ಯಾಂಕ್ ಹತ್ರ ಉಪ್ಪು ಹತ್ತಿದ್ರಂತೂ ಕೇಳೋದೇ ಬೇಡ. ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಒಣಗಿಸಿ ಮತ್ತೆ ನೋಡಿ.

ರೀಡಿಂಗ್ ಸರಿ ಬರುತ್ತೆ ಆದ್ರೆ ಬರೋಕೆ ಐದು ನಿಮಿಷ ಬೇಕು ಅಂದ್ರೆ ಗಾಜಿನ ಮೇಲೆ ಪಾಚಿ ಇಲ್ಲಾ ಸುಣ್ಣ ಕೂತಿದೆ. ಸುಣ್ಣಕ್ಕೆ ತೆಳು ವಿನೆಗರಲ್ಲಿ ಸ್ವಲ್ಪ ಹೊತ್ತು ನೆನೆಸಿ, ತೊಳೆದು, ಆಮೇಲೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಒಂದು ರಾತ್ರಿ ಇಡಿ. ಬಟ್ಟೇಲಿ ಉಜ್ಜಬೇಡಿ. ಡಿಸ್ಟಿಲ್ಡ್ ನೀರಲ್ಲಿ ನೆನೆಸಿಡೋ ಅಭ್ಯಾಸ ಇದ್ರೆ ಬಿಟ್ಬಿಡಿ, ಒಳಗಿನ ಉಪ್ಪೆಲ್ಲಾ ಹೊರಗೆ ಎಳ್ಕೊಳ್ಳುತ್ತೆ.

ಟೆಂಪರೇಚರ್ ಕಾಂಪೆನ್ಸೇಶನ್ ಹಾಕಿಲ್ಲ ಅದಕ್ಕೇ ತಪ್ಪು ಬರ್ತಿದೆ ಅಂತ ಕೆಲವರು ಹೇಳೋದುಂಟು. ಪಿಎಚ್ 8 ರಲ್ಲಿ 5 ಡಿಗ್ರಿ ವ್ಯತ್ಯಾಸಕ್ಕೆ ಆಗೋ ತಪ್ಪು 0.02 ಪಿಎಚ್ ಕೂಡ ಇಲ್ಲ. ಅರ್ಧ ಪಿಎಚ್ ತಪ್ಪಿಗೆ ಅದನ್ನ ಹೊಣೆ ಮಾಡೋದು ಸುಮ್ನೆ.

ಬೋರ್ಡ್ ತಾನೇ ರೀಸ್ಟಾರ್ಟ್ ಆಗೋದು

ಇಎಸ್‌ಪಿ32 ರೀಸೆಟ್ ಆದ್ರೆ ಯಾಕೆ ಆಯ್ತು ಅಂತ ಅದೇ ಹೇಳುತ್ತೆ, ಬೂಟ್ ಆದ ತಕ್ಷಣ ರೀಸೆಟ್ ಕಾರಣ ಓದಿ ಲಾಗಿಗೆ ಬರೆಯೋ ಒಂದು ಸಾಲು ಕೋಡಲ್ಲಿ ಇರ್ಲಿ. ಬ್ರೌನ್‌ಔಟ್ ಅಂತ ಬಂದ್ರೆ ವೋಲ್ಟೇಜ್ ಬಿದ್ದಿದೆ, ವಾಚ್‌ಡಾಗ್ ಅಂತ ಬಂದ್ರೆ ಕೋಡ್ ಎಲ್ಲೋ ಸಿಕ್ಕಾಕೊಂಡಿದೆ, ಬರೀ ಪವರ್ ಆನ್ ಅಂತ ಬಂದ್ರೆ ಅಡಾಪ್ಟರ್ ಇಲ್ಲಾ ಸಾಕೆಟ್ಟೇ ಸಡಿಲ. ಮೂರಕ್ಕೂ ಔಷಧಿ ಬೇರೆ, ಕಾರಣ ನೋಡದೆ ಕೋಡ್ ತಿದ್ದೋದು ವ್ಯರ್ಥ.

ಬ್ರೌನ್‌ಔಟ್ ಆದ್ರೆ ಮಲ್ಟಿಮೀಟರನ್ನ ಅಡಾಪ್ಟರ್ ಮೇಲಲ್ಲ, ಬೋರ್ಡಿನ 5 ವೋಲ್ಟ್ ಪಿನ್ ಮೇಲೆ ಇಟ್ಟು, ಎಲ್ಲಾ ರಿಲೇ ಆನ್ ಮಾಡಿ ನೋಡಿ. ಮಾಮೂಲಿ ನೀಲಿ ರಿಲೇಯ ಕಾಯಿಲ್ 70 ಓಮ್ ಆಸುಪಾಸು, ಅಂದ್ರೆ ಒಂದಕ್ಕೆ 70 ಮಿಲಿಆಂಪ್, ನಾಲ್ಕಕ್ಕೆ 280, ಅದರ ಮೇಲೆ ವೈಫೈ ಸಿಗ್ನಲ್ ಕಳಿಸೋವಾಗ ಬೋರ್ಡು ಕ್ಷಣಕಾಲ ಎಳೆಯೋದು ಬೇರೆ. ಸಣ್ಣ ಯುಎಸ್‌ಬಿ ಕೇಬಲ್ ಇಷ್ಟನ್ನ ಹೊರೋವಾಗ 4.5 ಕ್ಕೆ ಬಿದ್ರೆ ಆಶ್ಚರ್ಯ ಇಲ್ಲ. ರಿಲೇಗೆ ಬೇರೆ ವೈರ್ ಜೋಡಿ ಅಡಾಪ್ಟರಿಂದಲೇ ಎಳೀರಿ, ಬೋರ್ಡಿನ ಪಕ್ಕ 470 ಇಲ್ಲಾ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಬ್ರೌನ್‌ಔಟ್ ಡಿಟೆಕ್ಟರನ್ನೇ ಕೋಡಲ್ಲಿ ಆಫ್ ಮಾಡಿ ಅನ್ನೋ ಸಲಹೆ ಎಲ್ಲಾ ಕಡೆ ಸಿಗುತ್ತೆ, ದಯವಿಟ್ಟು ಬೇಡ, ಬಿದ್ದ ವೋಲ್ಟೇಜಲ್ಲಿ ಬೋರ್ಡ್ ಏನು ಮಾಡುತ್ತೆ ಅಂತ ಯಾರಿಗೂ ಗೊತ್ತಿಲ್ಲ, ಅದರ ಕೈಲಿ ಹೀಟರ್ ಇದೆ.

ಬೋರ್ಡ್ ಬೂಟೇ ಆಗ್ತಿಲ್ಲ, ರಿಲೇ ವೈರ್ ಕಿತ್ರೆ ಮಾತ್ರ ಆಗುತ್ತೆ ಅಂದ್ರೆ ಪಿನ್ ನಂಬರ್ ನೋಡಿ. 12 ನೇ ಪಿನ್ ಬೂಟ್ ಆಗೋವಾಗ ಹೈ ಇದ್ರೆ ಫ್ಲ್ಯಾಶ್ ಮೆಮರಿಗೆ ತಪ್ಪು ವೋಲ್ಟೇಜ್ ಹೋಗಿ ಬೂಟ್ ನಿಲ್ಲುತ್ತೆ. 0, 2, 5, 15 ಕೂಡ ಬೂಟ್ ಸಮಯದಲ್ಲಿ ಬೋರ್ಡ್ ನೋಡೋ ಪಿನ್ನುಗಳು, ರಿಲೇಗೆ ಇವನ್ನ ಬಿಟ್ಟು ಬೇರೆ ತಗೊಳ್ಳಿ.

ರಿಲೇ ಆಫ್ ಆಗಲ್ಲ

ಇದರಲ್ಲಿ ಎರಡು ಬಗೆ ಇದೆ, ಕಿವಿಯಲ್ಲೇ ಗೊತ್ತಾಗುತ್ತೆ. ಆಫ್ ಅಂದಾಗ ಟಕ್ ಶಬ್ದ ಬಂದ್ರೂ ಹೀಟರ್ ಉರೀತಿದೆ ಅಂದ್ರೆ ಕಾಂಟ್ಯಾಕ್ಟ್ ಬೆಸೆದಿದೆ ಅನ್ನೋದೇ ಮೊದಲ ಅನುಮಾನ, ಶಬ್ದವೇ ಬರ್ಲಿಲ್ಲ ಅಂದ್ರೆ ಸಿಗ್ನಲ್ ತಲುಪ್ತಿಲ್ಲ, ಇಲ್ಲಾ ಬೆಸೆದಿರೋದು ಗಟ್ಟಿಯಾಗಿ ಹಿಡ್ಕೊಂಡಿದೆ. ಮೈನ್ಸ್ ಪ್ಲಗ್ ಕಿತ್ತು, ಕಾಯಿಲಿಗೆ ಪವರ್ ಇಲ್ದಾಗ ರಿಲೇಯ ಕಾಮನ್ ಮತ್ತೆ ನಾರ್ಮಲಿ ಓಪನ್ (ಪವರ್ ಇಲ್ದಾಗ ಬಿಡಿಸಿರೋ) ಟರ್ಮಿನಲ್ ಮಧ್ಯೆ ಮಲ್ಟಿಮೀಟರಲ್ಲಿ ಕಂಟಿನ್ಯುಟಿ ನೋಡಿ, ಬೀಪ್ ಬಂದ್ರೆ ಬೆಸೆದಿರೋದು ಖಚಿತ, ತಟ್ಟಿ ಬಿಡಿಸಿ ಮತ್ತೆ ಬಳಸೋದು ಬೇಡ. ರಿಲೇ ಮೇಲೆ 10 ಆಂಪ್ ಅಂತ ಬರೆದಿರೋದು ಹೀಟರಿನಂಥ ಲೋಡಿಗೆ, ಪಂಪಿನ ಮೋಟರ್ ಆಫ್ ಆಗೋವಾಗ ಬರೋ ಕಿಡಿಗೆ, ಎಲ್ಇಡಿ ಡ್ರೈವರ್ ಆನ್ ಆಗೋವಾಗ ನುಗ್ಗೋ ಕರೆಂಟಿಗೆ ಆ ಲೆಕ್ಕ ನಡೆಯಲ್ಲ. ಮೋಟರಿಗೆ ಅಡ್ಡವಾಗಿ 100 ಓಮ್ ಮತ್ತೆ 0.1 ಮೈಕ್ರೋಫ್ಯಾರಡ್ ಇರೋ ಕಿಡಿ ತಗ್ಗಿಸೋ ರೆಡಿಮೇಡ್ ಸ್ನಬ್ಬರ್ ಹಾಕಿ, ರಿಲೇ ಬಡಿದಾಗ ಬೋರ್ಡ್ ಹ್ಯಾಂಗ್ ಆಗೋ ರೋಗವೂ ಇದರಿಂದಲೇ ಎಷ್ಟೋ ಸಲ ಹೋಗುತ್ತೆ.

ಸಿಗ್ನಲ್ ತೊಂದ್ರೆಗೆ ಮುಖ್ಯ ಕಾರಣ 3.3 ಮತ್ತೆ 5 ವೋಲ್ಟಿನ ಜಗಳ. ರಿಲೇ ಮಾಡ್ಯೂಲಿಗೆ 5 ವೋಲ್ಟ್ ಕೊಟ್ಟಿದೀರಿ, ಆಫ್ ಮಾಡೋಕೆ ಬೋರ್ಡ್ ಪಿನ್ನನ್ನ ಹೈ ಮಾಡುತ್ತೆ, ಹೈ ಅಂದ್ರೆ ಅದಕ್ಕೆ 3.3, ಇನ್ನೂ 1.7 ವೋಲ್ಟ್ ಮಾಡ್ಯೂಲಿನ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸೋ ಚಿಪ್ಪು) ಮೇಲೆ ಉಳಿಯುತ್ತೆ, ಕೆಲವು ಮಾಡ್ಯೂಲಲ್ಲಿ ಅದು ರಿಲೇ ಹಿಡಿದಿಡೋಕೆ ಸಾಕು. ಮಾಡ್ಯೂಲಲ್ಲಿ ಜೆಡಿ ವಿಸಿಸಿ ಅಂತ ಬರೆದಿರೋ ಪಿನ್ನಿನ ಜಂಪರ್ (ಪಕ್ಕದ ಪಿನ್ನಿಗೆ ಸೇರಿಸೋ ಪುಟ್ಟ ಕ್ಯಾಪ್) ತೆಗೆದು, ಜೆಡಿ ವಿಸಿಸಿಗೆ 5 ವೋಲ್ಟ್, ಪಕ್ಕದ ವಿಸಿಸಿಗೆ 3.3 ಕೊಡಿ, ಮುಗೀತು.

ನೀರು ತುಂಬೋದು ನಿಲ್ಲದೇ ಇದ್ರೆ

ಪಂಪ್ ಆಫ್ ಆಗಿದೆ, ನೀರು ಮಾತ್ರ ಬರ್ತಾನೇ ಇದೆ ಅಂದ್ರೆ ಎಲೆಕ್ಟ್ರಾನಿಕ್ಸ್ ಮುಟ್ಟೋಕೇ ಹೋಗ್ಬೇಡಿ, ಅದು ಸೈಫನ್. ಕ್ಯಾನಿನ ನೀರಿನ ಮಟ್ಟ ಪೈಪಿನ ತುದಿಗಿಂತ ಮೇಲಿದ್ರೆ ಒಮ್ಮೆ ಪಂಪ್ ಶುರು ಮಾಡಿದ ಹರಿವು ತಾನೇ ಮುಂದುವರಿಯುತ್ತೆ. ಕ್ಯಾನನ್ನ ಟ್ಯಾಂಕಿಗಿಂತ ಕೆಳಗಿಡಿ. ಆದ್ರೆ ಪೈಪಿನ ತುದಿ ಟ್ಯಾಂಕಿನ ನೀರಲ್ಲಿ ಮುಳುಗಿದ್ರೆ ಆಗ ಉಲ್ಟಾ ಟ್ಯಾಂಕಿನ ನೀರೇ ಕ್ಯಾನಿಗೆ ಇಳಿಯುತ್ತೆ, ಹಾಗಾಗಿ ತುದಿ ಯಾವಾಗ್ಲೂ ನೀರಿನ ಮೇಲೆ ಇರ್ಬೇಕು.

ಪಂಪ್ ನಿಜವಾಗ್ಲೂ ಓಡ್ತಾನೇ ಇದ್ರೆ ಫ್ಲೋಟ್ ಸ್ವಿಚ್ಚನ್ನ ಬಿಚ್ಚಿ ಕೈಯಲ್ಲಿ ಮೇಲೆ ಕೆಳಗೆ ಆಡಿಸ್ತಾ ಕಂಟಿನ್ಯುಟಿ ನೋಡಿ. ಒಳಗಿರೋದು ಮ್ಯಾಗ್ನೆಟ್ ಮತ್ತೆ ರೀಡ್ ಸ್ವಿಚ್ ಅಷ್ಟೇ, ಸ್ವತಃ ಕೆಡೋದು ಅಪರೂಪ, ಆದ್ರೆ ಕಂಬಕ್ಕೂ ತೇಲೋ ಬಿಲ್ಲೆಗೂ ಮಧ್ಯೆ ಪಾಚಿ ಬೆಳೆಯುತ್ತೆ, ಬಸವನಹುಳು ಬಂದು ಮೇಲೆ ಕೂರುತ್ತೆ. ತೊಳೆದು, ಹುಳು ಹತ್ತದಂತೆ ತೂತು ಮಾಡಿದ ಪೈಪಿನ ತುಂಡೊಂದನ್ನ ಕವಚವಾಗಿ ಹಾಕಿ. ಸ್ವಿಚ್ ಸರಿ ಇದ್ದು ಪಂಪ್ ಕ್ಷಣಕ್ಕೊಂದ್ಸಲ ಆನ್ ಆಫ್ ಆಗ್ತಿದ್ರೆ ನೀರಿನ ಅಲೆ ಕಾರಣ, ಐದು ಸೆಕೆಂಡ್ ಒಂದೇ ಸ್ಥಿತಿ ಇದ್ರೆ ಮಾತ್ರ ನಂಬು ಅಂತ ಕೋಡಲ್ಲಿ ಹಾಕಿ. 34 ರಿಂದ 39 ರ ಪಿನ್ನಿಗೆ ಹಾಕಿದ್ರೆ ಅಲ್ಲಿ ಒಳಗಿನ ಪುಲ್‌ಅಪ್ಪೇ ಇಲ್ಲ, ಕೋಡಲ್ಲಿ ಬರೆದ್ರೂ ಏನೂ ಆಗಲ್ಲ, ಹೊರಗಿಂದ 10 ಕಿಲೋಓಮ್ ಹಾಕ್ಲೇಬೇಕು. ಮತ್ತೆ ಪಂಪಿಗೆ ಗರಿಷ್ಠ ಸಮಯ ಕಟ್ಟಿ, ಮಾಮೂಲಿ 40 ಸೆಕೆಂಡ್ ಓಡೋದಾದ್ರೆ 90 ದಾಟಿದ್ರೆ ನಿಲ್ಲಿಸಿ ಲಾಕ್ ಆಗ್ಲಿ, ಕೈಯಿಂದ ಬಿಡಿಸೋವರೆಗೂ ಮತ್ತೆ ಓಡ್ಬಾರ್ದು.

ಕೋಡು, ವೈಫೈ, ಗಡಿಯಾರ

ವೈಫೈ ಹೋದಾಗಲೆಲ್ಲಾ ಟೆಂಪರೇಚರ್ ಜಾರ್ತಿದ್ರೆ ಕೋಡಲ್ಲಿ ವೈಫೈ ಸಿಗೋವರೆಗೂ ಕಾಯೋ ವೈಲ್ ಲೂಪ್ ಇದೆ ಅಂತ ತಿಳ್ಕೊಳ್ಳಿ, ಅದು ಕಾಯ್ತಾ ಕೂತಿರೋವಾಗ ಹೀಟರ್ ಭಾಗ ಓಡೋದೇ ಇಲ್ಲ. ಕಂಟ್ರೋಲ್ ಒಂದು ಕಡೆ, ನೆಟ್‌ವರ್ಕ್ ಒಂದು ಕಡೆ ಇರ್ಬೇಕು. ರೀಸ್ಟಾರ್ಟ್ ಆದ ಕೂಡ್ಲೇ ಯಾರೂ ಹೇಳದೆ ಪಂಪ್ ಓಡಿದ್ರೆ ಎಂಕ್ಯೂಟಿಟಿ ಬ್ರೋಕರಲ್ಲಿ (ಬೋರ್ಡಿಗೆ ಮೆಸೇಜ್ ತಲುಪಿಸೋ ಸರ್ವರಲ್ಲಿ) ಹಳೇ ಆನ್ ಮೆಸೇಜು ರಿಟೇನ್ ಆಗಿ, ಅಂದ್ರೆ ಉಳಿಸಿಟ್ಟ ಹಾಗೇ, ಕೂತಿರುತ್ತೆ, ಕಮಾಂಡ್ ಟಾಪಿಕ್ಕಿಗೆ ರಿಟೇನ್ ಹಾಕ್ಬೇಡಿ. ಮಧ್ಯರಾತ್ರಿ ಲೈಟ್ ಹತ್ತಿದ್ರೆ ಇಂಟರ್ನೆಟ್ಟಿಂದ ಟೈಮ್ ಸಿಗೋಕೆ ಮುಂಚೆ ಗಡಿಯಾರ 1970 ರಲ್ಲಿ ಇತ್ತಾ ನೋಡಿ, ಇಲ್ಲಾ ಟೈಮ್‌ಜೋನ್ ಹಾಕದೆ ಬರೀ ಯುಟಿಸಿ ಓದ್ತಿರಬಹುದು. ಡಿಎಸ್3231 ಇರೋ ಗಡಿಯಾರದ ಬೋರ್ಡ್ ಹಾಕಿದ್ರೆ ನೆಟ್ ಇಲ್ದೆನೂ ನಡೆಯುತ್ತೆ. ಇನ್ನು ಏಳು ವಾರ ಚೆನ್ನಾಗಿ ಓಡಿ ಥಟ್ಟಂತ ನಿಂತ್ರೆ ಬೋರ್ಡ್ ಆನ್ ಆದಾಗಿಂದ ಮಿಲಿಸೆಕೆಂಡ್ ಎಣಿಸೋ ಮಿಲಿಸ್ ಕೌಂಟರ್ 49.7 ದಿನಕ್ಕೆ ಸೊನ್ನೆಗೆ ಮರಳಿದೆ, ಈಗಿನ ಸಮಯ ಮುಂದಿನ ಸಮಯಕ್ಕಿಂತ ದೊಡ್ಡದಾ ಅಂತ ಹೋಲಿಸೋ ಬದಲು, ಈಗಿನದರಿಂದ ಹಿಂದಿನದನ್ನ ಕಳೆದು ಬಂದ ಅಂತರವನ್ನ ಹೋಲಿಸಿ.

ಸರಿಹೋದ್ಮೇಲೆ ಹೀಟರ್ ವಾಪಸ್ ರಿಲೇಗೆ ಹಾಕೋ ಮುಂಚೆ

ಬೇಕಂತಲೇ ಕೆಡಿಸಿ ನೋಡಿ. ಹೀಟರ್ ಬದಲು ರಿಲೇಗೆ ಒಂದು ಟೇಬಲ್ ಲ್ಯಾಂಪ್ ಹಾಕಿ, ಗುರಿಯನ್ನ ಈಗಿನ ಟೆಂಪರೇಚರಿಗಿಂತ ಮೇಲಿಟ್ಟು ಲ್ಯಾಂಪ್ ಹತ್ತಿಸಿ, ಆಗ ಸೆನ್ಸರ್ ವೈರ್ ಕೀಳಿ, ಲ್ಯಾಂಪ್ ಆರ್ಬೇಕು. ರೌಟರ್ ಆಫ್ ಮಾಡಿ, ಸೆನ್ಸರ್ ಇರೋ ಕಪ್ಪಿಗೆ ಬಿಸಿ ನೀರು, ಆಮೇಲೆ ತಣ್ಣೀರು ನಿಧಾನವಾಗಿ ಸೇರಿಸಿ (ಥಟ್ಟಂತ ಹಾರಿದ್ರೆ ಮೇಲೆ ಹೇಳಿದ ತಡೆಯೇ ರೀಡಿಂಗ್ ಬಿಡಲ್ಲ), ಲ್ಯಾಂಪ್ ಸರಿಯಾಗಿ ಆಡ್ಬೇಕು. ನೀರು ತುಂಬೋ ಪಂಪಿನ ಪೈಪನ್ನ ಬಕೆಟ್ಟಿಗೆ ಬಿಟ್ಟು ಫ್ಲೋಟನ್ನ ಕೆಳಗೇ ಹಿಡ್ಕೊಂಡಿರಿ, ಸಮಯ ದಾಟಿದ ತಕ್ಷಣ ಪಂಪ್ ನಿಂತು ಲಾಕ್ ಆಗ್ಬೇಕು. ಕೊನೆಗೆ ಕಂಟ್ರೋಲರಿನ ಅಡಾಪ್ಟರನ್ನೇ ಕಿತ್ತುಬಿಡಿ, ಫಿಲ್ಟರ್ ಓಡ್ತಾನೇ ಇರ್ಬೇಕು, ಅಂದ್ರೆ ಅದರ ವೈರ್ ರಿಲೇಯ ನಾರ್ಮಲಿ ಕ್ಲೋಸ್ಡ್ ಕಡೆ ಇರ್ಬೇಕು, ಹೀಟರಿನದ್ದು ನಾರ್ಮಲಿ ಓಪನ್ ಕಡೆ. ಇದರಲ್ಲಿ ಒಂದು ಫೇಲಾದ್ರೂ ಹೀಟರ್ ಇನ್ನೂ ಒಂದಷ್ಟು ದಿನ ಗೋಡೆ ಸಾಕೆಟ್ಟಲ್ಲೇ ಇರ್ಲಿ.